ಬರ್ಲಿನ್ ಬೀದಿಯ ಟಿ-34-85: ಮಾದರಿ ಕಟ್ಟುವ ಬಗೆ, ಮಾಸಲು ಮಾಡುವ ಬಗೆ

ಟ್ಯಾಂಕ್ ಮಾದರಿಗೆ ಕೊಳೆ ಹಚ್ಚುವ ಮೊದಲು ಅದು ಎಲ್ಲಿ, ಯಾವ ತಿಂಗಳಲ್ಲಿ ಓಡಿದ್ದು ಎಂದು ಗೊತ್ತು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಒಂದೇ ಟ್ಯಾಂಕಿನ ಮೇಲೆ ಉಕ್ರೇನಿನ ಕೆಸರು, ಸಹರಾದ ಧೂಳು, ಗುಜರಿ ಅಂಗಡಿಯ ತುಕ್ಕು ಮೂರೂ ಬಂದು ಕೂರುತ್ತವೆ. ಇಲ್ಲಿ ಎತ್ತಿಕೊಂಡಿರುವುದು 1945ರ ಏಪ್ರಿಲ್ ಕೊನೆಯಲ್ಲಿ ಬರ್ಲಿನ್ ಬೀದಿಗಳಲ್ಲಿದ್ದ ಸೋವಿಯತ್ ಟಿ-34-85, 1:35 ಅಳತೆಯಲ್ಲಿ. ಏಪ್ರಿಲ್ 16ರಂದು ಶುರುವಾದ ಬರ್ಲಿನ್ ದಾಳಿ ಮೇ 2ರಂದು ನಗರ ಶರಣಾಗುವುದರೊಂದಿಗೆ ಮುಗಿಯಿತು. ಹಾಗಾಗಿ ಈ ಟ್ಯಾಂಕಿನ ಮೇಲಿರಬೇಕಾದದ್ದು ಸುಮಾರು ಎರಡು ವಾರದ ಕೊಳೆ: ಚಕ್ರಗಳ ಸಂದಿಯಲ್ಲಿ ಒಣಗಿದ ಹೊಲದ ಮಣ್ಣು, ಅದರ ಮೇಲೆ ಕುಸಿದ ಕಟ್ಟಡಗಳ ಇಟ್ಟಿಗೆ ಪುಡಿ, ಗಾರೆ ಪುಡಿ, ಮಸಿ.

ಅಳತೆಯ ಲೆಕ್ಕವೂ ತಲೆಯಲ್ಲಿರಲಿ. ಮಾದರಿಯ 1 ಮಿಲಿಮೀಟರ್ ಎಂದರೆ ನಿಜದ ಟ್ಯಾಂಕಿನಲ್ಲಿ 35 ಮಿಲಿಮೀಟರ್. ಸುಮಾರು 6.1 ಮೀಟರ್ ಉದ್ದದ ಒಡಲು ಮಾದರಿಯಲ್ಲಿ 174 ಮಿ.ಮೀ. ಆಗುತ್ತದೆ. ಬಣ್ಣ ಎದ್ದ ಗುರುತೊಂದನ್ನು ಕುಂಚದಿಂದ 2 ಮಿ.ಮೀ. ಅಗಲ ಮಾಡಿದಿರಿ ಎಂದರೆ ಅಂಗೈಯಗಲದಷ್ಟು ಬಣ್ಣ ಕಿತ್ತುಹೋಗಿದೆ ಎಂದರ್ಥ.

ಸಾಮಾನು

ಕಿಟ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಕೊಂಡಿಗಳ ಪಟ್ಟಿ) ಯಾವ ಬಗೆಯದು ಎಂದು. ಮೆತ್ತನೆಯ ವಿನೈಲಿನ ಒಂದೇ ಪಟ್ಟಿ, ಬಿಡಿ ಕೊಂಡಿ ಮತ್ತು ಉದ್ದ ತುಂಡು ಬೆರೆತದ್ದು, ಪೂರ್ತಿ ಬಿಡಿ ಕೊಂಡಿ, ಹೀಗೆ ಮೂರು ಬಗೆ ಸಿಗುತ್ತವೆ. ಮೊದಲ ಸಲಕ್ಕೆ ಎರಡನೆಯದು ಒಳ್ಳೆಯದು. ವಿನೈಲ್ ಪಟ್ಟಿ ಬಿಗಿದ ರಬ್ಬರಿನಂತೆ ನಿಲ್ಲುತ್ತದೆ, ಟಿ-34ರ ಅಂದವೇ ಅಲ್ಲಿ ಹಾಳು. ಜೊತೆಗೆ ಕೆಲವು ಬಗೆಯ ವಿನೈಲಿನಿಂದ ಒಸರುವ ಎಣ್ಣೆಯಂಥ ಅಂಶ ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಚಕ್ರವನ್ನೇ ಕರಗಿಸುತ್ತದೆ.

ಬೇಕಾಗುವ ಉಪಕರಣ ಹೆಚ್ಚೇನಿಲ್ಲ: ಒಂದು ಬದಿ ಚಪ್ಪಟೆ ಇರುವ ಸಣ್ಣ ಕಟ್ಟರ್, ಬ್ಲೇಡ್ ಬದಲಿಸಬಹುದಾದ ಚಾಕು, ಚಿಮುಟ, 400ರಿಂದ 1000 ನಂಬರಿನವರೆಗೆ ಎಮೆರಿ ಪೇಪರ್, ಪ್ಲಾಸ್ಟಿಕ್ಕಿಗೆಂದೇ ಬರುವ ತೆಳು ಅಂಟು. ಈ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಎರಡು ಭಾಗಗಳನ್ನು ಜೋಡಿಸಿ ಹಿಡಿದು ಸಂದಿಗೆ ಕುಂಚದ ತುದಿ ತಾಗಿಸಿದರೆ ಸಾಕು, ತಾನಾಗಿ ಒಳಗೆ ಹರಿಯುತ್ತದೆ. ಫೆವಿಕ್ವಿಕ್ ಬಗೆಯ ಅಂಟು ಹಿತ್ತಾಳೆ ಭಾಗಗಳಿಗೆ ಮಾತ್ರ ಇರಲಿ. ಪ್ಲಾಸ್ಟಿಕ್ ಜೋಡಣೆಗೆ ಅದನ್ನು ಬಳಸಿದರೆ ಪೆಟ್ಟು ತಾಗಿದಾಗ ಕಳಚಿಕೊಳ್ಳುತ್ತದೆ, ಸುತ್ತ ಬಿಳಿ ಬೂಷ್ಟಿನಂಥ ಕಲೆಯನ್ನೂ ಬಿಡುತ್ತದೆ. ಕಿಟಕಿ ತೆರೆದಿಟ್ಟೇ ಕೆಲಸ ಮಾಡಿ. ಸ್ಪ್ರೇ ಮಾಡುವಾಗ ಆವಿ ತಡೆಯುವ ಮುಖಗವಸು ಬೇಕು, ಬಟ್ಟೆಯದು ಸಾಲದು.

ಒಡಲು, ಚಕ್ರ, ಟ್ರ್ಯಾಕ್

ಭಾಗಗಳ ಚೌಕಟ್ಟನ್ನು ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡು ಉಳಿದರೆ ಪ್ರೈಮರ್ ಮುಂದೆ ಟೇಪಿನ ಜೊತೆಗೇ ಎದ್ದು ಬರುತ್ತದೆ. ಭಾಗ ಕತ್ತರಿಸುವಾಗ ಎರಡು ಏಟು: ಮೊದಲನೆಯದು ಭಾಗದಿಂದ 2 ಮಿ.ಮೀ. ದೂರದಲ್ಲಿ, ಎರಡನೆಯದು ಹತ್ತಿರದಲ್ಲಿ. ಒಂದೇ ಏಟಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಬಿಳಿಚಿಕೊಂಡು ಗುಳಿ ಬೀಳುತ್ತದೆ.

ಟಿ-34ಕ್ಕೆ ಒಂದೊಂದು ಬದಿಗೆ ಐದು ದೊಡ್ಡ ಚಕ್ರ. ಐದೂ ನೆಲ ಮುಟ್ಟಬೇಕು. ಚಕ್ರದ ತೋಳುಗಳಿಗೆ ಅಂಟು ಹಾಕಿ ಹತ್ತು ನಿಮಿಷದೊಳಗೆ ಒಡಲನ್ನು ಗಾಜಿನ ಹಲಗೆಯ ಮೇಲಿಟ್ಟು ಪ್ರತಿ ಚಕ್ರದ ಕೆಳಗೆ ಕಾಗದದ ಚೂರು ತೂರಿಸಿ ನೋಡಿ. ಸಲೀಸಾಗಿ ತೂರಿದ ಕಡೆ ಚಕ್ರ ಎತ್ತರಕ್ಕಿದೆ, ಅಂಟು ಇನ್ನೂ ಮೆತ್ತಗಿರುವಾಗಲೇ ಒತ್ತಿ ಸರಿಪಡಿಸಿ. ಮರುದಿನ ಗೊತ್ತಾದರೆ ಮುರಿದು ಅಂಟಿಸುವುದೇ ಗತಿ.

ಟ್ರ್ಯಾಕ್ ಒಂದು ಬದಿಗೆ 72 ಕೊಂಡಿ. ಹಲ್ಲಿರುವ ಕೊಂಡಿ, ಹಲ್ಲಿಲ್ಲದ ಕೊಂಡಿ ಒಂದು ಬಿಟ್ಟು ಒಂದು ಬರುತ್ತವೆ. ಈ ಟ್ಯಾಂಕಿನಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುತ್ತದೆ, ಮೇಲ್ಭಾಗದ ಟ್ರ್ಯಾಕನ್ನು ಎತ್ತಿ ಹಿಡಿಯುವ ಉರುಳೆಗಳೂ ಇಲ್ಲ. ಹಾಗಾಗಿ ಮುಂದಕ್ಕೆ ಓಡುವಾಗ ಕೆಳಗಿನ ಟ್ರ್ಯಾಕ್ ಬಿಗಿಯಾಗಿ, ಮೇಲಿನದು ಸಡಿಲವಾಗಿ ಚಕ್ರಗಳ ನೆತ್ತಿಯ ಮೇಲೇ ಮಲಗಿರುತ್ತದೆ. ಎರಡು ಚಕ್ರಗಳ ನಡುವೆ ಒಣಹಾಕಿದ ಬಟ್ಟೆಯ ಹಗ್ಗದಂತೆ ತುಸು ಜೋಲುತ್ತದೆ. ಈ ಜೋಲು ತರುವುದು ಹೀಗೆ: ಮೇಲ್ಭಾಗಕ್ಕೆ ಬರುವ ಕೊಂಡಿಗಳನ್ನು ಸ್ಕೇಲಿನ ಅಂಚಿಗೆ ಒತ್ತಿಟ್ಟು ಸಾಲಾಗಿ ಅಂಟಿಸಿ. ಸುಮಾರು ಅರ್ಧ ಗಂಟೆಗೆ ಸಾಲು ಹಿಡಿದುಕೊಂಡಿರುತ್ತದೆ, ಆದರೆ ಇನ್ನೂ ಬಾಗುತ್ತದೆ. ಆಗ ಚಕ್ರಗಳ ಮೇಲೆ ಹೊದಿಸಿ, ಮಡ್‌ಗಾರ್ಡಿಗೂ ಟ್ರ್ಯಾಕಿಗೂ ನಡುವೆ ಸ್ಪಂಜಿನ ಚೂರು ತುರುಕಿ ರಾತ್ರಿಯಿಡೀ ಬಿಡಿ. ಟ್ರ್ಯಾಕ್ ಚಕ್ರಕ್ಕೆ ಅಂಟಲಿ, ಚಕ್ರ ಮಾತ್ರ ಅಚ್ಚುಕಡ್ಡಿಗೆ ಅಂಟುವುದು ಬೇಡ. ಇಡೀ ಬದಿ ಒಂದೇ ತುಂಡಾಗಿ ಕಳಚಿ ಬಂದರೆ ಬಣ್ಣದ ಕೆಲಸ ಅರ್ಧಕ್ಕರ್ಧ ಸುಲಭ.

ಮಡ್‌ಗಾರ್ಡುಗಳು ನಿಜದಲ್ಲಿ ತೆಳು ತಗಡು. ಕಿಟ್ಟಿನಲ್ಲಿ 1 ಮಿ.ಮೀ. ದಪ್ಪವಿದ್ದರೆ ಅಳತೆಗೆ ಅದು ಗಟ್ಟಿ ಉಕ್ಕಿನ ಹಲಗೆ. ಹೊರಗೆ ಕಾಣುವ ಅಂಚನ್ನಷ್ಟೇ ಕೆಳಗಿನಿಂದ ಚಾಕುವಿನಲ್ಲಿ ಹೆರೆದು ತೆಳುವಾಗಿಸಿ. ಮುಂಭಾಗದ ಒಂದು ಮೂಲೆಯನ್ನು ಇಕ್ಕಳದಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿದರೆ ಬೀದಿ ಕಾಳಗದ ಟ್ಯಾಂಕ್ ಎಂದು ಹೇಳಲು ಬೇರೇನೂ ಬೇಡ. ಸೈನಿಕರು ಹಿಡಿದು ಕೂರುತ್ತಿದ್ದ ಹಿಡಿಕಂಬಿಗಳನ್ನು ಕಿತ್ತು, ಹಳೆ ವೈರಿನ 0.5 ಮಿ.ಮೀ. ತಾಮ್ರದ ಎಳೆಯಿಂದ ಹೊಸದಾಗಿ ಮಾಡಿ ಕೂರಿಸಿ.

ಟರೆಟ್ ಮತ್ತು ನಳಿಗೆ

ಟಿ-34-85ರ ಟರೆಟ್, ಅಂದರೆ ಫಿರಂಗಿ ಹೊತ್ತು ತಿರುಗುವ ಮೇಲಿನ ಗೋಪುರ, ಎರಕ ಹೊಯ್ದದ್ದು. ಯುದ್ಧಕಾಲದ ಎರಕ ಎಂದರೆ ಒರಟು. ಕಿಟ್ಟುಗಳಲ್ಲಿ ಅದು ಸಾಬೂನಿನಂತೆ ನುಣುಪಾಗಿರುವುದುಂಟು. ತೆಳು ಅಂಟನ್ನು ಅಂಗೈಯಗಲದಷ್ಟೂ ಅಲ್ಲ, ಒಂದು ಹೆಬ್ಬೆಟ್ಟಿನಗಲ ಹಚ್ಚಿ, ಅರೆಕ್ಷಣ ಬಿಟ್ಟು ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ನೇರವಾಗಿ ಕುಟ್ಟಿ. ಮುಂದಿನ ಹೆಬ್ಬೆಟ್ಟಗಲಕ್ಕೆ ಸರಿಯಿರಿ. ಉಜ್ಜಿದರೆ ಗೀರು ಬೀಳುತ್ತದೆ, ಕುಟ್ಟಬೇಕು. ಒಣಗಿದ ಮೇಲೆ 600ರ ಎಮೆರಿ ಪೇಪರ್ ಹಗುರಾಗಿ ಸವರಿದರೆ ಚೂಪು ಮೊನೆಗಳು ಹೋಗುತ್ತವೆ. ಈ ಒರಟುತನ ಟರೆಟ್‌ನ ಸುತ್ತುಗೋಡೆಗೆ, ಫಿರಂಗಿಯ ಬುಡದ ಕವಚಕ್ಕೆ ಮಾತ್ರ. ಟರೆಟ್‌ನ ಮೇಲ್ಛಾವಣಿ, ಒಡಲಿನ ಹಲಗೆಗಳು ಉರುಳೆಯಲ್ಲಿ ತಟ್ಟಿದ ಉಕ್ಕು, ಅವು ನಯವಾಗಿಯೇ ಇರಲಿ.

ಇಲ್ಲೊಂದು ಬಲೆಯಿದೆ. ಟರೆಟ್‌ನ ಬದಿಯಲ್ಲಿ ಅಡ್ಡಕ್ಕೆ ಓಡುವ ಗೆರೆಯನ್ನು ಕಿಟ್ಟಿನ ದೋಷವೆಂದು ತಿಳಿದು ಉಜ್ಜಿ ತೆಗೆದುಬಿಡುತ್ತಾರೆ. ಅದು ನಿಜದ ಟ್ಯಾಂಕಿನಲ್ಲೇ ಇದ್ದ ಎರಕದ ಅಚ್ಚಿನ ಕೂಡುಗೆರೆ. ನಿಜ್ನಿ ತಗಿಲ್, ಗೋರ್ಕಿ, ಓಮ್ಸ್ಕ್ ಕಾರ್ಖಾನೆಗಳ ಟರೆಟ್‌ಗಳನ್ನು ಗುರುತಿಸುವವರು ಮೊದಲು ನೋಡುವ ಗುರುತುಗಳಲ್ಲಿ ಅದೂ ಒಂದು. ನಳಿಗೆಯ ಉದ್ದಕ್ಕೂ ಇರುವ ಗೆರೆ ಮಾತ್ರ ಹೋಗಲೇಬೇಕು. ಚಪ್ಪಟೆ ಅರದಿಂದ ಉಜ್ಜಿದರೆ ಗುಂಡಗಿನ ನಳಿಗೆ ಪಟ್ಟೆ ಬೀಳುತ್ತದೆ. ಎಮೆರಿ ಪೇಪರಿನ ಸಣ್ಣ ಪಟ್ಟಿಯನ್ನು ನಳಿಗೆಗೆ ಅರ್ಧ ಸುತ್ತು ಹಾಕಿ, ಮಜ್ಜಿಗೆ ಕಡೆಯುವ ಹಗ್ಗದಂತೆ ಆಚೀಚೆ ಎಳೆಯಿರಿ.

ಸಂಗ್ರಹಾಲಯದ ಟ್ಯಾಂಕುಗಳ ಫೋಟೋ ನೋಡಿ ವಿವರ ಸೇರಿಸುವವರು ಎಚ್ಚರವಾಗಿರಿ. ಅವುಗಳಲ್ಲಿ ಎಷ್ಟೋ ಟ್ಯಾಂಕುಗಳು ಯುದ್ಧ ಮುಗಿದ ಮೇಲೆ, 1960ರ ದಶಕದಲ್ಲಿ ನವೀಕರಣಗೊಂಡವು. ನಕ್ಷತ್ರಮೀನಿನ ಆಕಾರದ ಚಕ್ರ ಕಂಡರೆ ಆ ಫೋಟೋ ಪಕ್ಕಕ್ಕಿಡಿ.

ಬಣ್ಣದ ಪದರಗಳು

ವೆದರಿಂಗಿನಲ್ಲಿ, ಅಂದರೆ ಮಾದರಿಯನ್ನು ಮಾಸಲು ಮಾಡುವುದರಲ್ಲಿ, ಕೆಡುವುದೆಲ್ಲ ಹೆಚ್ಚಾಗಿ ಒಂದೇ ಕಾರಣಕ್ಕೆ: ಮೇಲಿನ ಪದರದ ತಿನ್ನರ್ ಕೆಳಗಿನ ಪದರವನ್ನು ಕರಗಿಸುತ್ತದೆ. ಅದಕ್ಕೇ ಅನುಕ್ರಮ. ತಳಕ್ಕೆ ಲ್ಯಾಕರ್ ಪ್ರೈಮರ್, ಅದರ ಮೇಲೆ ಅಕ್ರಿಲಿಕ್ ಬಣ್ಣ, ಅದರ ಮೇಲೆ ವಾರ್ನಿಶ್, ಆಮೇಲೆ ಎನಾಮೆಲ್ ಮತ್ತು ತೈಲವರ್ಣ, ಕೊನೆಗೆ ಒಣ ಪುಡಿ. ತೈಲವರ್ಣಕ್ಕೆ ಬಳಸುವ ವಾಸನೆಯಿಲ್ಲದ ಮಿನರಲ್ ಸ್ಪಿರಿಟ್ ಒಣಗಿದ ಅಕ್ರಿಲಿಕ್ಕನ್ನು ಮುಟ್ಟುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟುತ್ತದೆ, ತಮಿಯಾ ಕಂಪನಿಯ ಬಗೆಯ ಅಕ್ರಿಲಿಕ್ಕನ್ನಂತೂ ನಿಮಿಷದಲ್ಲಿ ಎಬ್ಬಿಸುತ್ತದೆ. ಎರಡೂ ನೀರಿನಂತೆಯೇ ಕಾಣುವುದರಿಂದ ಬಾಟಲಿಗೆ ಚೀಟಿ ಅಂಟಿಸಿಡಿ.

ಪ್ರೈಮರ್ ಕಪ್ಪು ಅಥವಾ ಕಡು ಕಂದು ಇರಲಿ, 24 ಗಂಟೆ ಒಣಗಲಿ. ಸೋವಿಯತ್ ಹಸಿರಿನ ಹೆಸರು 4ಬಿಓ. ಆಗಿನ ಹಸಿರು ಒಂದೊಂದು ಕಡೆ ಒಂದೊಂದು ಛಾಯೆಯಲ್ಲಿ ಇರುತ್ತಿತ್ತು, ಹಾಗಾಗಿ ಕೂದಲು ಸೀಳುವ ಅಗತ್ಯವಿಲ್ಲ. ಆ ಹೆಸರಿನಲ್ಲೇ ಬರುವ ಬಣ್ಣ ಸಿಕ್ಕರೆ ಸರಿ. ಇಲ್ಲವಾದರೆ ತಮಿಯಾ ಎಕ್ಸ್‌ಎಫ್-61 ಎರಡು ಭಾಗಕ್ಕೆ ಎಕ್ಸ್‌ಎಫ್-4 ಒಂದು ಭಾಗ ಬೆರೆಸಿ. ತಿನ್ನರ್ ಬಣ್ಣದಷ್ಟೇ. ಏರ್‌ಬ್ರಶ್ಶಿಗೆ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಉಪಕರಣ) 0.3 ಮಿ.ಮೀ. ನಾಜಲ್, 15ರಿಂದ 20 ಪಿಎಸ್‌ಐ ಒತ್ತಡ, ಮಾದರಿಯಿಂದ ಐದಾರು ಸೆಂಟಿಮೀಟರ್ ದೂರ. ತೆಳು ಪದರ ಮೂರು ಕೊಡಿ. ಮೂಲೆ, ಸಂದಿಗಳಲ್ಲಿ ಪ್ರೈಮರಿನ ಕಪ್ಪು ಮಬ್ಬಾಗಿ ಉಳಿದರೆ ಅದೇ ನೆರಳಾಗುತ್ತದೆ. ಅದೇ ಬಣ್ಣಕ್ಕೆ ಸ್ವಲ್ಪ ಹಳದಿ ಮಿಶ್ರಿತ ಬಿಳಿ ಸೇರಿಸಿ ಹಲಗೆಗಳ ನಡುವೆ, ಟರೆಟ್ ಮೇಲೆ ಹಾಯಿಸಿ. ಈಗ ಅತಿಯಾಗಿ ತಿಳಿ ಕಂಡರೆ ಹೆದರಬೇಡಿ, ಮುಂದಿನ ಪ್ರತಿ ಪದರವೂ ಅದನ್ನು ಗಾಢಗೊಳಿಸುತ್ತದೆ.

ಕರಾವಳಿಯವರಿಗೆ ಒಂದು ಮಾತು. ಮಂಗಳೂರು, ಉಡುಪಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಕರ್ ವಾರ್ನಿಶ್ ಹೊಡೆದರೆ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ಬೇಗ ಆರುವ ತಿನ್ನರ್ ಮೇಲ್ಮೈಯನ್ನು ತಣ್ಣಗಾಗಿಸಿ ಗಾಳಿಯ ತೇವವನ್ನು ಹನಿಗಟ್ಟಿಸುವುದೇ ಇದಕ್ಕೆ ಕಾರಣ. ಮಳೆ ಹೊಳವಾದ ಮಧ್ಯಾಹ್ನ ನೋಡಿ ಹೊಡೆಯಿರಿ, ಅಥವಾ ನಿಧಾನವಾಗಿ ಆರುವ ರಿಟಾರ್ಡರ್ ಸೇರಿಸಿ. ಬಿಳಿಚಿದ್ದಾಗಿದ್ದರೆ ಒಣ ಹವೆಯ ದಿನ ಅದೇ ಲ್ಯಾಕರಿನ ತಿನ್ನರನ್ನು ಮಂಜಿನಷ್ಟು ತೆಳುವಾಗಿ ಹಾಯಿಸಿದರೆ ಹೆಚ್ಚಿನ ಸಲ ತಿಳಿಯಾಗುತ್ತದೆ.

ಬಿಳಿ ಪಟ್ಟಿ

ಬರ್ಲಿನ್ನಿನಲ್ಲಿ ಸೋವಿಯತ್ ಟ್ಯಾಂಕುಗಳು ತಮ್ಮದೇ ಪಡೆಯ ವಿಮಾನಗಳ ದಾಳಿಗೆ ಸಿಕ್ಕದಿರಲೆಂದು ಟರೆಟ್‌ನ ಸುತ್ತ ಬಿಳಿ ಪಟ್ಟಿ, ಮೇಲ್ಛಾವಣಿಯಲ್ಲಿ ಬಿಳಿ ಶಿಲುಬೆ ಬಳಿದುಕೊಂಡಿದ್ದವು. ಸೈನಿಕರು ಅವಸರದಲ್ಲಿ ಕುಂಚ ಹಿಡಿದು ಬಳಿದದ್ದು ಇದು. ಟೇಪ್ ಹಚ್ಚಿ ನೇರ ಅಂಚು ತಂದರೆ ಸುಳ್ಳೆಂದು ಕಣ್ಣಿಗೆ ರಾಚುತ್ತದೆ.

ಪಟ್ಟಿ ಬರುವ ಜಾಗಕ್ಕೆ ತಲೆಗೂದಲಿನ ಹೇರ್‌ಸ್ಪ್ರೇಯನ್ನು ತೆಳುವಾಗಿ ಎರಡು ಸಲ ಹೊಡೆದು 15 ನಿಮಿಷ ಬಿಡಿ. ಅದರ ಮೇಲೆ ಬಿಳಿ ಅಕ್ರಿಲಿಕ್ಕನ್ನು ಸಾಧಾರಣ ಕುಂಚದಿಂದ ಎಳೆಯಿರಿ, ಗೀರುಗಳು ಕಾಣಲಿ. ಅಪ್ಪಟ ಬಿಳಿ ಬೇಡ, ಒಂದು ಹನಿ ಕಂದು ಸೇರಿಸಿ. ಬಣ್ಣ ಮುಟ್ಟಲು ಒಣಗಿದ ಮೇಲೆ, ಅರ್ಧದಿಂದ ಒಂದು ಗಂಟೆಯೊಳಗೆ, ನೀರಿನಲ್ಲಿ ನೆನೆಸಿದ ಕುಂಚದಿಂದ ಒರೆಸಿ ಒಂದು ನಿಮಿಷ ಕಾದು, ಗಟ್ಟಿ ಕೂದಲಿನ ಕುಂಚದಿಂದ ಕುಟ್ಟಿದರೆ ಬಿಳಿ ಅಲ್ಲಲ್ಲಿ ಎದ್ದು ಕೆಳಗಿನ ಹಸಿರು ಕಾಣುತ್ತದೆ. ನೀರು ಬಣ್ಣದ ಪದರದ ಮೂಲಕ ಇಳಿದು ಹೇರ್‌ಸ್ಪ್ರೇಯನ್ನು ಕರಗಿಸುವುದರಿಂದ ಹೀಗಾಗುತ್ತದೆ. ಮರುದಿನಕ್ಕೆ ಬಿಟ್ಟರೆ ಪದರ ಗಟ್ಟಿಯಾಗಿ ಏಳದೇ ಹೋಗಬಹುದು. ಬಿಳಿಗೆ ಲ್ಯಾಕರ್ ತಿನ್ನರ್ ಬೆರೆಸಿದ್ದರೂ ಅದೇ ಗತಿ. ಬಳಿದು ಕೆಲವೇ ದಿನಗಳಾದ ಪಟ್ಟಿ ಇದು, ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೀಳಬೇಡಿ. ಜನ ಹತ್ತಿಳಿಯುವ ಹಿಡಿಕಂಬಿಗಳ ಸುತ್ತ, ಬಾಗಿಲಿನ ಅಂಚಿನಲ್ಲಿ ಮಾತ್ರ.

ಇದಾದ ಮೇಲೆ ಇಡೀ ಟ್ಯಾಂಕಿಗೆ ಹೊಳಪು ವಾರ್ನಿಶ್. ಟರೆಟ್ ಸಂಖ್ಯೆಗಳ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಅಚ್ಚು) ಈಗಲೇ. ಒರಟು ಮೇಲ್ಮೈಗೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿ ಹೊಳಪು ಮೂಡುತ್ತದೆ, ನಾವೇ ಕುಟ್ಟಿ ಒರಟು ಮಾಡಿದ ಟರೆಟ್‌ನಲ್ಲಂತೂ ಖಂಡಿತ. ಡೆಕಾಲ್ ಮೆತ್ತಗಾಗಿಸುವ ದ್ರಾವಣ ಎರಡು ಮೂರು ಸಲ ಹಚ್ಚಿ, ಗುಳ್ಳೆ ಉಳಿದ ಕಡೆ ಸೂಜಿಯಲ್ಲಿ ಚುಚ್ಚಿ ಮತ್ತೆ ಹಚ್ಚಿ. ಅದು ಪೂರ್ತಿ ಒಣಗಿದ ಮೇಲೆ ಮಂದ ಹೊಳಪಿನ ವಾರ್ನಿಶ್ ಒಂದು ಪದರ ಕೊಟ್ಟು 24 ಗಂಟೆ ಬಿಡಿ.

ವಾಶ್, ಗೀರು, ತೈಲವರ್ಣ

ಸಂದಿಗಳಿಗೆ ಹಾಕುವ ವಾಶ್ (ನೀರಿನಷ್ಟು ತೆಳು ಮಾಡಿದ ಬಣ್ಣ) ಕಡು ಕಂದು ಇರಲಿ. ಹಸಿರಿನ ಮೇಲೆ ಅಪ್ಪಟ ಕಪ್ಪು ಕಾಡಿಗೆ ಹಚ್ಚಿದಂತೆ ಕಾಣುತ್ತದೆ. ಬರ್ನ್ಟ್ ಅಂಬರ್ ತೈಲವರ್ಣ ಒಂದು ಪಾಲಿಗೆ ಮಿನರಲ್ ಸ್ಪಿರಿಟ್ ಎಂಟು ಪಾಲು. ಸಣ್ಣ ಕುಂಚದ ತುದಿಯನ್ನು ಬೋಲ್ಟಿನ ಬುಡಕ್ಕೆ, ಹಲಗೆಯ ಸಂದಿಗೆ ತಾಗಿಸಿ ಬಿಡಿ, ತಾನೇ ಓಡುತ್ತದೆ. ಇಪ್ಪತ್ತು ನಿಮಿಷದ ಮೇಲೆ ಸ್ಪಿರಿಟ್ ಒದ್ದೆಯಷ್ಟೇ ಇರುವ ಕುಂಚದಿಂದ, ಮಳೆ ನೀರು ಇಳಿಯುವ ದಿಕ್ಕಿನಲ್ಲೇ ಹೆಚ್ಚಾದದ್ದನ್ನು ಒರೆಸಿ. ಬಣ್ಣವಿಲ್ಲದ ಬರಿ ಪ್ಲಾಸ್ಟಿಕ್ಕಿಗೆ ಸ್ಪಿರಿಟ್ ಧಾರಾಳವಾಗಿ ಇಳಿದರೆ ಬಿಗಿತದಲ್ಲಿರುವ ಜೋಡಣೆಗಳು ಬಿರುಕು ಬಿಡುತ್ತವೆ. ಚಕ್ರದ ತೋಳು, ಅಚ್ಚುಕಡ್ಡಿ ಮುರಿಯುವುದು ಹೆಚ್ಚಾಗಿ ಹೀಗೆಯೇ. ಒಡಲಿನ ಕೆಳಭಾಗಕ್ಕೂ ಪ್ರೈಮರ್ ಬಿಡದೆ ಹೊಡೆಯಬೇಕಾದದ್ದು ಅದಕ್ಕೆ.

ಗೀರುಗಳಲ್ಲಿ ಎರಡು ಮೆಟ್ಟಿಲು. ಮೊದಲು ಮೂಲ ಹಸಿರಿಗಿಂತ ತಿಳಿಯಾದ ಹಸಿರಿನಿಂದ ಗೀರು, ಚುಕ್ಕೆ. ಇವು ಬಣ್ಣದ ಮೇಲ್ಪದರ ಮಾತ್ರ ಉಜ್ಜಿಹೋದ ಗುರುತು. ಅವುಗಳಲ್ಲಿ ದೊಡ್ಡವನ್ನು ಆರಿಸಿ ನಡುವಿಗಷ್ಟೇ ಕಡು ಕಂದು ಇಡಿ, ಸುತ್ತ ತಿಳಿ ಹಸಿರಿನ ಅಂಚು ಉಳಿಯಲಿ. ಪಾತ್ರೆ ಉಜ್ಜುವ ಸ್ಪಂಜನ್ನು ಹರಿದ ಚೂರಿಗೆ ಬಣ್ಣ ತಾಗಿಸಿ, ಕಾಗದದ ಮೇಲೆ ಒತ್ತಿ ಬಹುಪಾಲು ತೆಗೆದ ಮೇಲೆ ಅಂಚುಗಳಿಗೆ ತಾಗಿಸುವುದು ಸುಲಭದ ದಾರಿ. ಚಾಲಕನ ಬಾಗಿಲು, ಮಡ್‌ಗಾರ್ಡಿನ ಅಂಚು, ಎಂಜಿನ್ ಮೇಲಿನ ಹಲಗೆ, ಇಷ್ಟು ಸಾಕು. ಟರೆಟ್‌ನ ಬದಿಯ ನಡುವೆ ಯಾರ ಬೂಟೂ ತಾಗುವುದಿಲ್ಲ. ಬೆಳ್ಳಿ ಬಣ್ಣದ ಡಬ್ಬಿ ತೆರೆಯಲೇಬೇಡಿ.

ತೈಲವರ್ಣವನ್ನು ಟ್ಯೂಬಿನಿಂದ ನೇರ ಹಚ್ಚಿದರೆ ಹೊಳೆಯುತ್ತದೆ, ದಿನಗಟ್ಟಲೆ ಒಣಗುವುದಿಲ್ಲ. ರಟ್ಟಿನ ಚೂರಿನ ಮೇಲೆ ಹಿಂಡಿ ಒಂದೆರಡು ಗಂಟೆ ಬಿಟ್ಟರೆ ಅಗಸೆ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ. ಇದಕ್ಕೆ ದುಬಾರಿ ಬಣ್ಣ ಬೇಕಿಲ್ಲ, ಸ್ಟೇಷನರಿ ಅಂಗಡಿಯ ಕ್ಯಾಮೆಲ್ ಟ್ಯೂಬೇ ಆಗುತ್ತದೆ. ಓಕರ್, ಬಿಳಿ, ಕಂದು ಬಣ್ಣಗಳನ್ನು ಸಾಸಿವೆಗಿಂತ ಸಣ್ಣ ಚುಕ್ಕೆಗಳಾಗಿ ಇಟ್ಟು, ಲಂಬ ಗೋಡೆಗಳಲ್ಲಿ ಮೇಲಿನಿಂದ ಕೆಳಗೆ, ಮಲಗಿದ ಹಲಗೆಗಳಲ್ಲಿ ಸುತ್ತಲೂ ಕುಟ್ಟಿ ಮಾಯಿಸಿ. ಪ್ರತಿ ಎರಡು ಎಳೆತಕ್ಕೊಮ್ಮೆ ಕುಂಚ ಒರೆಸಿಕೊಳ್ಳಿ. ಒರೆಸದಿದ್ದರೆ ಮೂರೂ ಬೆರೆತು ಒಂದೇ ಕೆಸರು ಬಣ್ಣವಾಗುತ್ತದೆ.

ಪುಡಿ, ಮಸಿ, ಲೋಹ

ಬರ್ಲಿನ್ ಟ್ಯಾಂಕಿನ ಜೀವ ಇಲ್ಲಿದೆ. ಮೂರು ಪುಡಿ ಬೇಕು: ಮಣ್ಣಿನ ಕಂದು, ಗಾರೆಯ ಬೂದು-ಬಿಳಿ, ಇಟ್ಟಿಗೆಯ ಕೆಂಪು. ಮೊದಲೆರಡಕ್ಕೆ ಒಣ ಪೇಸ್ಟಲ್ ಕಡ್ಡಿಯನ್ನು ಎಮೆರಿ ಪೇಪರಿಗೆ ಉಜ್ಜಿ ಮಾಡಿಕೊಳ್ಳಬಹುದು. ಮೂರನೆಯದಕ್ಕೆ ನಿಜವಾದ ಇಟ್ಟಿಗೆಯನ್ನೇ ಕುಟ್ಟಿ ವಸ್ತ್ರಗಾಳಿತ ಮಾಡಿ. ಬಟ್ಟೆಯಲ್ಲಿ ಉಳಿದ ತರಿ ಮಡ್‌ಗಾರ್ಡಿನ ಮೇಲೆ ಬಿದ್ದ ಕಲ್ಲುಚೂರುಗಳಿಗೆ ಬರುತ್ತದೆ. ರಂಗೋಲಿ ಪುಡಿ ಬಳಸುವ ಆಸೆ ಬೇಡ, ಅದರ ಕಣ ದಪ್ಪ, ಬಣ್ಣವೂ ಗಾಢ.

ಮೊದಲು ಕಂದು: ಚಕ್ರಗಳ ಗುಳಿ, ಒಡಲಿನ ಕೆಳಗೋಡೆ, ಕೊಂಡಿಗಳ ಸಂದಿ. ಒಣ ಪುಡಿಯನ್ನು ಕುಂಚದಿಂದ ಇಟ್ಟು, ಪಕ್ಕದಲ್ಲಿ ಮಿನರಲ್ ಸ್ಪಿರಿಟ್ ಹನಿ ತಾಗಿಸಿದರೆ ಹೀರಿಕೊಂಡು ಹಿಡಿಯುತ್ತದೆ. ಒದ್ದೆಯಿದ್ದಾಗ ಭಯಂಕರ ಕಪ್ಪಗೆ ಕಾಣುತ್ತದೆ, ಒಣಗುವವರೆಗೆ ಮುಟ್ಟಬೇಡಿ. ಅದರ ಮೇಲೆ ಗಾರೆ ಪುಡಿ: ಮಡ್‌ಗಾರ್ಡ್, ಒಡಲಿನ ಮೇಲಿನ ಮೂಲೆಗಳು, ಟರೆಟ್ ಮೇಲ್ಛಾವಣಿ. ಇದನ್ನು ಒಣದಾಗಿಯೇ ಉದುರಿಸಿ ಮೆತ್ತನೆ ಕುಂಚದಿಂದ ಸರಿಸಿ. ಕೆಂಪು ಎಲ್ಲಕ್ಕಿಂತ ಕಡಿಮೆ, ಒಂದು ಬದಿಗೆ ಹೆಚ್ಚು. ಟ್ಯಾಂಕ್ ಯಾವ ಗೋಡೆಗೆ ಒರಸಿಕೊಂಡು ಹೋಯಿತೋ ಆ ಬದಿಗೆ. ಪುಡಿ ಹಾಕಿದ ಮೇಲೆ ವಾರ್ನಿಶ್ ಹೊಡೆಯಬೇಡಿ. ವಾರಗಟ್ಟಲೆಯ ಕೆಲಸ ಒಂದೇ ಉಸಿರಿಗೆ ಮಾಯವಾಗುತ್ತದೆ.

ಟ್ರ್ಯಾಕಿನ ಕೊಂಡಿಗಳು ಮ್ಯಾಂಗನೀಸ್ ಉಕ್ಕಿನ ಎರಕ. ದಿನವೂ ಓಡುವ ಟ್ರ್ಯಾಕಿಗೆ ಕಿತ್ತಳೆ ತುಕ್ಕು ಕಟ್ಟುವುದಿಲ್ಲ, ಅದು ಕಡು ಕಂದಾಗಿರುತ್ತದೆ. ಕಲ್ಲು ಹಾಸಿದ ಬೀದಿಗೆ ಉಜ್ಜಿದ ಹೊರ ಏಣುಗಳಿಗೆ, ಚಕ್ರಗಳ ನಡುವೆ ಹಾಯುವ ಹಲ್ಲುಗಳ ಬದಿಗೆ 6ಬಿ ಪೆನ್ಸಿಲ್ ಉಜ್ಜಿ. ಸೀಸದಕಡ್ಡಿಯ ಹೊಳಪು ಲೋಹದ ಬಣ್ಣಕ್ಕಿಂತ ನಿಜಕ್ಕೆ ಹತ್ತಿರ. ಚಕ್ರದ ಅಂಚು ರಬ್ಬರ್, ಅಲ್ಲಿಗೆ ಪೆನ್ಸಿಲ್ ಹೋಗಬಾರದು. ಹಿಂಬದಿಯ ಎರಡು ಹೊಗೆಕೊಳವೆಗಳ ಬಾಯಿಗೆ ಕಪ್ಪು ಪುಡಿ, ಸುತ್ತಲಿನ ಹಲಗೆಗೆ ಮಬ್ಬಾಗಿ. ಒಡಲಿನ ಬದಿಯ ಉರುಟು ಇಂಧನ ಡ್ರಮ್ಮುಗಳ ಮುಚ್ಚಳದಿಂದ ಕೆಳಗೆ ಡೀಸೆಲ್ ಸುರಿದ ಕಲೆ: ಕಂದು ತೈಲವರ್ಣಕ್ಕೆ ಹೊಳಪು ಎನಾಮೆಲ್ ವಾರ್ನಿಶ್ ಬೆರೆಸಿ ಒಂದು ಡ್ರಮ್ಮಿಗೆ ಎರಡೇ ಎಳೆ. ಧೂಳಿನ ಮೇಲೆ ಈ ಎಣ್ಣೆ ಹೊಳಪು ಬಿದ್ದಾಗಲೇ ಧೂಳು ಧೂಳಾಗಿ ಕಾಣುವುದು.

ಟಿ-34-85ರಲ್ಲಿ ರೇಡಿಯೊ ಇದ್ದದ್ದು ಟರೆಟ್‌ನಲ್ಲಿ, ಹಾಗಾಗಿ ಆಂಟೆನಾ ಅಲ್ಲಿಗೇ ಬರುತ್ತದೆ. ಭಾಗಗಳನ್ನು ಕತ್ತರಿಸಿ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಕುಡಿಗಿಂತ ಒಂದಿಂಚು ಮೇಲೆ ತಿರುಗಿಸುತ್ತಾ ಕಾಯಿಸಿ, ಮೆತ್ತಗಾದ ಕೂಡಲೇ ದೀಪದಿಂದ ಆಚೆ ತಂದು ನಿಧಾನಕ್ಕೆ ಎಳೆದರೆ ಕೂದಲಿನಷ್ಟು ತೆಳು ಎಳೆ ಬರುತ್ತದೆ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಅಂಟಿಸಿ, ಕೈ ತಾಗಿ ಮೊದಲು ಮುರಿಯುವುದು ಅದೇ.

ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡಿ. ಮನೆಯ ಧೂಳು ಮೇಲೆ ಕೂತರೆ ಒರೆಸಲು ಬರುವುದಿಲ್ಲ, ಒರೆಸಿದರೆ ಬರ್ಲಿನ್ನಿನ ಧೂಳೂ ಹೋಗುತ್ತದೆ. ಬೀರುವಿನಲ್ಲಿಡುವುದಾದರೆ ಬಟ್ಟೆಗಳ ನಡುವೆ ಹಾಕುವ ನುಸಿಗುಳಿಗೆ ಹತ್ತಿರ ಸುಳಿಯಕೂಡದು. ಅದರ ಆವಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ.